ಗುಬ್ಬಿಯಮ್ಮನ ದೊಡ್ಡ ಮನಸ್ಸು

ಎರಡು ವರ್ಷ ದಾಟಿದ ಮಗು ಮಧ್ಯಾಹ್ನವಿಡೀ ತುಟಿ ಪಿಟಕ್ಕೆನ್ನದೆ ಕೂರುತ್ತದೆ ಎಂದರೆ ಯಾರಾದರೂ ನಂಬುತ್ತಾರೆಯೇ? ಗುಬ್ಬಿ ಕೂರುತ್ತಿದ್ದಳು. ಅದನ್ನು ಅವಳ ಅಮ್ಮ ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗುತ್ತಿದ್ದಳು. ಶಿಶುವಿಹಾರದ ಗೇಟಿನ ಹತ್ತಿರ ಉಳಿದ ಅಮ್ಮಂದಿರು, "ನಮ್ಮದು ಮನೇನ ತಲೆ ಮೇಲೆ ಹೊತ್ಕೊಂಡಿರುತ್ತೆ ಕಣ್ರೀ, ನೆಮ್ಮದಿಯಾಗಿ ಒಂದು ಫೋನ್ ಮಾಡಕ್ಕೂ ಬಿಡಲ್ಲ" ಎಂದು ಗೋಳು ತೋಡಿಕೊಂಡರೆ ಇವಳು ಸ್ವಲ್ಪ ತಡೆದು, ಎಲ್ಲರ ಗೋಳು ಮುಗಿಯಲಿ ಎಂದು ಕಾದು, "ಅಯ್ಯೋ, ನಮ್ಮ ಗುಬ್ಬಿಗೆ ಒಂದ್ಸಲ ಹೇಳಿದ್ರೆ ಮುಗೀತಪ್ಪ" ಎನ್ನುತ್ತಿದ್ದಳು. ಅಮ್ಮಂದಿರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಇವಳು ಅಂಬಾರಿಯ ಮೇಲೆ ಕೂತವಳಂತೆ ಮನೆಗೆ ಬರುತ್ತಿದ್ದಳು.

ಮಗು ಸುಮ್ಮನಿರಲೇಬೇಕಾಗಿತ್ತು. ಗುಬ್ಬಿಯಮ್ಮನದು ದನಿಯ ಕೆಲಸ. ಯಾವುದೋ ಕಚೇರಿಗೆ ಫೋನ್ ಮಾಡಿದಾಗ "ಹೊಸ ಸಂಪರ್ಕಕ್ಕಾಗಿ ಒಂದನ್ನು ಒತ್ತಿ, ಬಿಲ್ಲಿಗಾಗಿ ಎರಡನ್ನು ಒತ್ತಿ, ದೂರಿಗಾಗಿ ಮೂರನ್ನು ಒತ್ತಿ" ಎಂದು ಜೇನು ಸುರಿಯುತ್ತದಲ್ಲ, ನೀವು ಹಲ್ಲು ಕಡಿದು ಬೈಯುತ್ತೀರಲ್ಲ, ಆ ದನಿ ಇವಳದು. ಲಿಫ್ಟಿನಲ್ಲಿ ಬಾಗಿಲು ಮುಚ್ಚುತ್ತಿದೆ ಎಂದು ಹೇಳುವವಳೂ ಇವಳೇ. ದೊಡ್ಡ ಸ್ಟುಡಿಯೋ ಗಿಡಿಯೋ ಏನೂ ಇಲ್ಲ. ಮಲಗುವ ಕೋಣೆಯ ಗೋಡೆ ಕಪಾಟನ್ನು ಖಾಲಿ ಮಾಡಿ, ಒಳಗೆಲ್ಲ ಹಳೇ ರಜಾಯಿಗಳನ್ನು ಮೊಳೆ ಹೊಡೆದು ನೇತುಹಾಕಿ, ಒಂದು ಸ್ಟೂಲು, ಒಂದು ಮೈಕು ಇಟ್ಟುಕೊಂಡಿದ್ದಳು. ಬಾಗಿಲೆಳೆದುಕೊಂಡು ಕೂತರೆ ಬೆವರು ಕಿತ್ತುಕೊಂಡು ಬರುತ್ತಿತ್ತು.

ಅವಳ ಗ್ರಹಚಾರಕ್ಕೆ ಮನೆಯ ಕೆಳಗೇ ಗ್ರಿಲ್ಲು ಗೇಟು ಮಾಡುವ ವೆಲ್ಡಿಂಗ್ ಅಂಗಡಿ. ಬೆಳಗಾದರೆ ಕಬ್ಬಿಣ ಕೊಯ್ಯುವ ಸದ್ದು. ರಜಾಯಿಯಲ್ಲ, ಮನೆಗೆ ಹಾಸಿಗೆಯನ್ನೇ ಹೊದಿಸಿದರೂ ಆ ಸದ್ದು ನಿಲ್ಲುವುದಲ್ಲ. ಕೆಲಸದವರು ಊಟ ಮಾಡಿ ಅಡ್ಡಾಗುವ ಮಧ್ಯಾಹ್ನದ ಹೊತ್ತು ಮಾತ್ರ ಕೆಳಗೆ ಸದ್ದಡಗುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಶಿಶುವಿಹಾರ ಮುಗಿದು ಗುಬ್ಬಿ ಮನೆಯಲ್ಲಿರುತ್ತಿದ್ದಳು. ಮಗು ಇಲ್ಲದಾಗ ಸದ್ದು, ಸದ್ದಿಲ್ಲದಾಗ ಮಗು. ಏನು ಮಾಡುತ್ತೀರಿ?

ಕಪಾಟಿನ ಬಾಗಿಲ ಮೇಲೆ ಒಂದು ಕೆಂಪು ಝೀರೋ ಬಲ್ಬು ಹಾಕಿಸಿದಳು. ಅದು ಉರಿಯುತ್ತಿದ್ದರೆ ಅಮ್ಮ ಮಾತಾಡುತ್ತಿದ್ದಾಳೆ, ಗುಬ್ಬಿ ಮಾತಾಡಬಾರದು. ಮೊದಮೊದಲು ಮಗು ಅತ್ತಿತು, ಬಾಗಿಲು ಬಡಿಯಿತು. ಗುಬ್ಬಿಯಮ್ಮ ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಗುವಿನ ಮೇಲೆ ಕೈ ಎತ್ತುವವರನ್ನು ಕಂಡರೆ ಅವಳಿಗೆ ಆಗುತ್ತಲೇ ಇರಲಿಲ್ಲ. ಅವಳು ಮಾಡಿದ್ದು ಇಷ್ಟೇ: ಹೊರಗೆ ಬಂದು, ಮಗುವಿಗೆ ಬೆನ್ನು ಹಾಕಿ, ಒಂದಷ್ಟು ಹೊತ್ತು ಮಾತು ಬಿಟ್ಟು ಕೂತಳು. ಎರಡನೆಯ ವಾರಕ್ಕೆಲ್ಲ ಮಗು ಕಲಿತುಬಿಟ್ಟಿತು. ಎಷ್ಟು ಜಾಣೆ, ನನ್ನ ಬಂಗಾರ, ಎಂದು ಮುದ್ದಾಡಿದಳು.

ಗುಬ್ಬಿಯ ಕೈಮೇಲೆ ಹಲ್ಲಿನ ಗುರುತು ಕಂಡದ್ದು ಒಂದು ಸಂಜೆ, ಸ್ನಾನ ಮಾಡಿಸುವಾಗ. ಮೊಣಕೈಯಿಂದ ಒಂದಿಷ್ಟು ಕೆಳಗೆ, ಸಣ್ಣ ಸಣ್ಣ ಹಲ್ಲಿನ ಸಾಲು, ಸುತ್ತ ನೀಲಿ. ಅದರ ಪಕ್ಕದಲ್ಲೇ ಹಳದಿಗೆ ತಿರುಗಿದ ಹಳೆಯದೊಂದು. ಗುಬ್ಬಿಯಮ್ಮ ಆ ಕೈಯನ್ನು ಬೆಳಕಿಗೆ ಹಿಡಿದಳು.

"ಯಾರು ಕಚ್ಚಿದ್ದು ಕಂದಾ?"

ಗುಬ್ಬಿ ಸೋಪಿನ ನೊರೆಯನ್ನು ಊದಿದಳು.

"ಡುಮ್ಮ ಕಚ್ಚಿದ್ನಾ?"

"ದುಮ್ಮ," ಎಂದಳು ಗುಬ್ಬಿ. ಆ ವಯಸ್ಸಿನಲ್ಲಿ ನೀವು ಆನೆ ಕಚ್ಚಿತಾ ಎಂದರೂ ಆನೆ ಎನ್ನುತ್ತಾರೆ. ಆದರೆ ಅಮ್ಮನಿಗೆ ಅಷ್ಟು ಸಾಕಾಯಿತು.

ಡುಮ್ಮ ಬೇಕರಿಯವನ ಮಗ. ಗುಬ್ಬಿಗಿಂತ ಒಂದಿಷ್ಟು ದೊಡ್ಡವನು, ಗುಂಡಗೆ ಬನ್ನಿನ ಹಾಗಿದ್ದ. ಅವನ ಅಮ್ಮ ಬೆಳಗಿನ ಮೊದಲ ಬಸ್ಸು ಹಿಡಿದು ದೂರದ ಕಾರ್ಖಾನೆಗೆ ಹೋಗುತ್ತಿದ್ದಳು. ಮೈಯೆಲ್ಲ ಮೈದಾಹಿಟ್ಟು ಮೆತ್ತಿಕೊಂಡ ಅಪ್ಪ ಬೇಕರಿಯಿಂದ ಓಡಿಬಂದು ಮಗನನ್ನು ಗುಬ್ಬಿಯ ಶಿಶುವಿಹಾರಕ್ಕೇ ಬಿಟ್ಟು, ಮತ್ತೆ ಓಡುತ್ತಿದ್ದ. ಡುಮ್ಮನಿಗೆ ಮಾತು ನಿಧಾನ. ಅಪ್ಪ, ಬನ್ನು, ಅಲ್ಲ, ಹೀಗೆ ಬಿಡಿಬಿಡಿ ಪದಗಳಷ್ಟೇ. ಒಂದಕ್ಕೊಂದು ಸೇರಿಸಿ ಹೇಳುವುದು ಇನ್ನೂ ಬಂದಿರಲಿಲ್ಲ. ಹಿಂದೊಮ್ಮೆ ಚೆಂಡಿನ ಜಗಳದಲ್ಲಿ ಯಾವುದೋ ಹುಡುಗನ ಭುಜಕ್ಕೆ ಬಾಯಿ ಹಾಕಿದ್ದ. ಅಂದಿನಿಂದ ಕಚ್ಚುವ ಹುಡುಗ ಎಂಬ ಹೆಸರು ಅವನ ಹಣೆಗೆ ಅಂಟಿಕೊಂಡಿತ್ತು.

ಮರುದಿನ ಗುಬ್ಬಿಯಮ್ಮ ಶಿಶುವಿಹಾರದ ಬಾಗಿಲಲ್ಲೇ ಮಗಳ ತೋಳು ಮೇಲೆತ್ತಿ ತೋರಿಸಿದಳು. ಮಿಸ್ಸು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಮಕ್ಕಳನ್ನ ಬಿಟ್ಟು ನಾನು ಅತ್ತಿತ್ತ ಹೋಗೋದೇ ಇಲ್ಲಮ್ಮ. ಕಚ್ಚಿದ್ರೆ ಮಗು ಅಳ್ತಿತ್ತಲ್ವಾ? ನನಗೆ ಗೊತ್ತಾಗ್ತಿತ್ತು."

"ನನ್ನ ಮಗಳು ಹಾಗೆಲ್ಲ ಅಳೋಳಲ್ಲ ಮಿಸ್."

"ಅದೂ ಹೌದು. ಆದ್ರೂ ಇಲ್ಲಿ ಆಗಿದ್ದಲ್ಲ ಅನ್ಸುತ್ತೆ ನಂಗೆ."

"ಮತ್ತೆ ಇನ್ನೆಲ್ಲಿ? ಹಗಲೆಲ್ಲ ಇವರಪ್ಪ ಅಂಗಡೀಲಿರ್ತಾರೆ, ಮನೇಲಿ ನಾವಿಬ್ಬರೇ ಇರೋದು. ನನ್ನ ಮಗಳು ತನ್ನ ಕೈನ ತಾನೇ ಕಚ್ಕೊಂಡ್ಳಾ ಹಾಗಾದ್ರೆ?"

ಸುತ್ತ ನಿಂತ ಅಮ್ಮಂದಿರು ನಕ್ಕರು. ಮಿಸ್ಸಿನ ಮುಖ ಸಣ್ಣದಾಯಿತು. ಗೆದ್ದ ಗತ್ತಿನಲ್ಲಿ ಗುಬ್ಬಿಯಮ್ಮ ತನ್ನ ಜೇನಿನ ದನಿಯಲ್ಲೇ ಮುಂದುವರಿಸಿದಳು: "ನಾನು ಯಾರನ್ನೂ ದೂರ್ತಿಲ್ಲ. ಮಾತು ಬರದ ಮಕ್ಕಳೇ ಕಚ್ಚೋದು, ಎಲ್ಲ ಡಾಕ್ಟ್ರೂ ಹೇಳ್ತಾರೆ. ಪಾಪ, ಮನೇಲಿ ಮಾತಾಡ್ಸೋರು ಇರ್ಬೇಕಲ್ಲ. ಒಂದೋ ಅವನಿರ್ಬೇಕು, ಇಲ್ಲ ನಾವಿರ್ತೀವಿ." ಉಳಿದ ಅಮ್ಮಂದಿರು ಹೌದು ಹೌದು ಎಂದರು. ಅಷ್ಟೂ ಮಕ್ಕಳು ಹೋಗಿ ಡುಮ್ಮನೊಬ್ಬ ಉಳಿದರೆ ಮಿಸ್ಸು ಬಾಡಿಗೆ ಕಟ್ಟುವುದು ಹೇಗೆ? ಡುಮ್ಮ ಹೋದ.

ಹೋಗುವ ದಿನ ಬೇಕರಿಯವನು ಮಗನನ್ನು ಗುಬ್ಬಿಯ ಮುಂದೆ ನಿಲ್ಲಿಸಿ, "ಸಾರಿ ಹೇಳೋ" ಎಂದ. ಡುಮ್ಮ ತಲೆಯಾಡಿಸಿದ. "ಅಲ್ಲ," ಎಂದ. "ಅಲ್ಲ, ಅಲ್ಲ." ಬೇಕರಿಯವನ ಮುಖ ಕೆಂಪಾಯಿತು. "ಮಾಡಿದ್ದೂ ಅಲ್ದೆ ಸುಳ್ಳು ಬೇರೆ. ತಪ್ಪಾಯ್ತು ಮೇಡಂ," ಎಂದು ತಾನೇ ಕೈಮುಗಿದ. ಗುಬ್ಬಿಯಮ್ಮ, ಇರಲಿ ಬಿಡಿ ಎನ್ನುವಂತೆ ತಲೆಯಲ್ಲಾಡಿಸಿದಳು. ಆ ತಲೆಯಲ್ಲಾಡಿಸಿದ್ದನ್ನು ನೆನೆದರೆ ಮುಂದೆ ಅವಳು ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದಳು.

ಡುಮ್ಮ ಹೋದ ಮೇಲೂ ಗುಬ್ಬಿಯ ಕೈಮೇಲೆ ಹೊಸ ಗುರುತು ಮೂಡಿತು. ನೀವಾದರೆ ಅಲ್ಲಿಗೇ ಅರ್ಥ ಮಾಡಿಕೊಳ್ಳುತ್ತಿದ್ದಿರೇನೋ. ಗುಬ್ಬಿಯಮ್ಮ ಮಾತ್ರ ಇನ್ನೊಂದು ಮಗುವನ್ನು ಹುಡುಕತೊಡಗಿದಳು! ಎರಡು ಜುಟ್ಟಿನ ಹುಡುಗಿಯೊಬ್ಬಳ ಮೇಲೆ ಅವಳಿಗೆ ಅನುಮಾನ. ಗೇಟಿನ ಹತ್ತಿರ ಆ ಮಗುವಿಗೆ ಬಿಸ್ಕೆಟ್ಟು ಕೊಟ್ಟು, ತಿನ್ನುವಾಗ ಬಗ್ಗಿ ಅದರ ಹಲ್ಲು ನೋಡಿದಳು. ದೇವರು ದೊಡ್ಡವನು, ಆ ಮಗುವಿನ ಮೇಲೆ ಬಾಯಿಬಿಡುವ ಮೊದಲೇ ಆ ಮಧ್ಯಾಹ್ನ ಬಂತು.

ಕೆಳಗಿನ ವೆಲ್ಡಿಂಗಿನ ಅದುರಾಟಕ್ಕೆ ಕಪಾಟಿನ ಚಿಲಕ ಸಡಿಲವಾಗಿತ್ತು. ಅಂದು ಎಳೆದುಕೊಂಡ ಬಾಗಿಲು ಬೆರಳಗಲ ತೆರೆದೇ ಉಳಿಯಿತು. ಹೊರಗೆ ಸದ್ದಿರಲಿಲ್ಲವಾದ್ದರಿಂದ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಬೆಳಗ್ಗೆಯೇ ಕೊಡಬೇಕಿದ್ದ ಕೆಲಸ, ಅದಾಗಲೇ ನಾಲ್ಕಾರು ಸಲ ತಪ್ಪಿ ಮತ್ತೆ ಹೇಳಿದ್ದಳು. ಈ ಸಲ ಮಾತು ಸಲೀಸಾಗಿ ಹರಿಯುತ್ತಿತ್ತು. ಹೇಳುತ್ತ ಹೇಳುತ್ತ ಸಂದಿಯಿಂದ ಕಣ್ಣು ಹಾಯಿಸಿದಳು.

ಗುಬ್ಬಿ ಚಾಪೆಯ ಮೇಲೆ ಕೂತು, ಒಂದರೊಳಗೊಂದು ಸೇರುವ ಪ್ಲಾಸ್ಟಿಕ್ ಲೋಟಗಳನ್ನು ಇಟ್ಟುಕೊಂಡು ಆಡುತ್ತಿದ್ದಳು. ದೊಡ್ಡ ಲೋಟವನ್ನು ಸಣ್ಣದರೊಳಗೆ ತುರುಕುತ್ತಿದ್ದಳು. ಹೋಗಲಿಲ್ಲ. ತಿರುಗಿಸಿ ತುರುಕಿದಳು. ಆಗಲೂ ಹೋಗಲಿಲ್ಲ. ಕೆಳತುಟಿ ಮುಂದೆ ಬಂತು, ಮೂಗು ಅರಳಿತು, ಇನ್ನೇನು ಕಿಟಾರನೆ ಕಿರುಚಬೇಕು, ತಲೆಯೆತ್ತಿ ಕೆಂಪು ಬಲ್ಬನ್ನು ನೋಡಿದಳು. ನೋಡಿ, ಅಂಗಿಯ ತೋಳನ್ನು ತಾನೇ ಮೇಲೆ ಸರಿಸಿ, ಕೈಯನ್ನು ಬಾಯಿಗಿಟ್ಟುಕೊಂಡು ಕಚ್ಚಿದಳು. ಕಣ್ಣು ಗಟ್ಟಿ ಮುಚ್ಚಿ, ಮೈಯೆಲ್ಲ ನಡುಗುವ ಹಾಗೆ ಕಚ್ಚಿ ಹಿಡಿದಳು. ಕಣ್ಣೀರು ಕೆನ್ನೆಯಿಂದ ಇಳಿದು ಕೈಮೇಲೆ ಹರಿಯಿತು. ಒಂದಿಷ್ಟೂ ಸದ್ದಿಲ್ಲ.

ಗುಬ್ಬಿಯಮ್ಮ ಅಷ್ಟನ್ನೂ ಕಣ್ಣಾರೆ ಕಂಡಳು. ಕಂಡು ಏನು ಮಾಡಿದಳು? ಎದ್ದು ಓಡಿದಳು ಎಂದು ಹೇಳಲು ನನಗೂ ಆಸೆ. ಆದರೆ ಅವಳು "...ದೂರಿಗಾಗಿ ಮೂರನ್ನು ಒತ್ತಿ. ಈ ಆಯ್ಕೆಗಳನ್ನು ಮತ್ತೆ ಕೇಳಲು ಸೊನ್ನೆಯನ್ನು ಒತ್ತಿ" ಎಂದು ಮಾತನ್ನು ಪೂರ್ತಿ ಮಾಡಿದಳು. ದನಿ ಎಲ್ಲೂ ಅಲುಗಲಿಲ್ಲ. ಮೈಕು ನಿಲ್ಲಿಸಿದಳು, ಬಲ್ಬು ಆರಿಸಿದಳು, ಆಮೇಲೆ ಹೊರಗೆ ಬಂದಳು. ಗುಬ್ಬಿ ತೋಳು ಕೆಳಗೆಳೆದುಕೊಂಡು, ಮುಖ ಒರೆಸಿಕೊಂಡು, "ಅಮ್ಮ, ಗುಬ್ಬಿ ಜಾಣೆ" ಎಂದಳು.

ಮಗುವನ್ನು ಅವುಚಿಕೊಂಡು ಗುಬ್ಬಿಯಮ್ಮ ಅತ್ತಳು. ಆದರೆ ಅತ್ತರೆ ಹೋಗುವ ನಾಚಿಕೆ ಅಲ್ಲ ಅದು. ಮಗು ಕಚ್ಚಿಕೊಂಡದ್ದು ಒಂದು, ಡುಮ್ಮನದು ಇನ್ನೊಂದು, ಅವೆರಡಕ್ಕಿಂತ ಹೆಚ್ಚಾಗಿ, ಮೈಕಿನ ಮುಂದೆ ಪೂರ್ತಿ ಮಾಡಿದ ಆ ಮಾತು. ಅದನ್ನು ಅವಳು ಗಂಡನಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಆ ಧ್ವನಿಮುದ್ರಣ ಕಚೇರಿಗೆ ಹೋಯಿತು, ಚೆನ್ನಾಗಿದೆ ಎಂದು ಉತ್ತರವೂ ಬಂತು.

ಗಂಡ ಟೈರು ಅಂಗಡಿಯಿಂದ ಬಂದು ಕೈ ತೊಳೆಯುತ್ತಿದ್ದಾಗ ಉಳಿದದ್ದನ್ನೆಲ್ಲ ಹೇಳಿದಳು. ಅವನು ಮಗಳ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಸ್ಟೂಲು ಹತ್ತಿ ಕೆಂಪು ಬಲ್ಬನ್ನು ಬಿಚ್ಚಿ ಕಸದ ಬುಟ್ಟಿಗೆ ಎಸೆದ. ಆಮೇಲೆ ಡುಮ್ಮನ ಮಾತು ಬಂತು.

"ಹೋಗಿ ಹೇಳ್ಬೇಕು ರೀ."

"ಏನಂತ ಹೇಳ್ತೀಯಾ? ಊರಿಗೆಲ್ಲ ನಮ್ಮ ಮಾನ ಹರಾಜು ಹಾಕ್ತೀಯಾ? ಕೇಳಿದವರು ಏನಂದ್ಕೊಳ್ತಾರೆ, ಇವರ ಮನೇಲಿ ಮಗೂನ ಅದೇನು ಮಾಡ್ತಿದ್ರೋ ಅಂತ."

"ಮತ್ತೆ ಆ ಮಗು?"

"ವಾಪಸ್ ಕರೆಸು. ಯಾರು ಬೇಡ ಅಂದ್ರು? ನಾವು ಮನಸ್ಸಲ್ಲಿ ಇಟ್ಕೊಂಡಿಲ್ಲ, ಮಕ್ಕಳು ಮಾಡಿದ್ದು ಅಲ್ವಾ, ಬರ್ಲಿ ಅನ್ನು. ಅವರ ಕೆಲಸಾನೂ ಆಗುತ್ತೆ, ನಮ್ಮ ಮರ್ಯಾದೇನೂ ಉಳಿಯುತ್ತೆ."

ಟೈರಿಗೆ ತೇಪೆ ಹಾಕಿ ಪಳಗಿದ ಕೈ, ಇದಕ್ಕೂ ತೇಪೆ ಹಾಕಿತು. ಗುಬ್ಬಿಯಮ್ಮ ಬೇಡ ಎನ್ನಲಿಲ್ಲ. ಹೇಳುವುದೋ ಬಿಡುವುದೋ, ಹೋದ ಮೇಲೆ ನೋಡೋಣ ಎಂದುಕೊಂಡು ಬೇಕರಿಗೆ ಹೊರಟಳು.

ಬೇಕರಿಯ ಹಿಂದಿನ ಕೋಣೆಯಲ್ಲಿ ಒಲೆಯ ಝಳ ಮುಖಕ್ಕೆ ಹೊಡೆಯುತ್ತಿತ್ತು. ಬೇಕರಿಯವನು ಉದ್ದನೆಯ ಮೇಜಿನ ಮೇಲೆ ಹಿಟ್ಟು ನಾದುತ್ತಿದ್ದ. ಡುಮ್ಮ ಮೇಜಿನ ಕೆಳಗಿದ್ದ. ಅವನ ಸೊಂಟಕ್ಕೆ ಒಂದು ಹಳೇ ಬಟ್ಟೆ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮೇಜಿನ ಕಾಲಿಗೆ ಬಿಗಿದಿದ್ದರು. "ಒಲೆ ಹತ್ರ ಹೋಗ್ತಾನೆ ಮೇಡಂ, ಏನ್ ಮಾಡ್ಲಿ," ಎಂದ ಬೇಕರಿಯವನು, ಅವಳ ನೋಟ ಕಂಡು. ಡುಮ್ಮ ಹಿಟ್ಟಿನ ಉಂಡೆಯೊಂದನ್ನು ನೆಲಕ್ಕೆ ಕುಟ್ಟುತ್ತಿದ್ದವನು ಅವಳನ್ನು ನೋಡಿದ. ನೋಡಿದ್ದೇ, ಉಂಡೆ ಬಿಟ್ಟು, ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ಈಗ ಹೇಳಬೇಕು, ಈಗಲೇ. ಗುಬ್ಬಿಯಮ್ಮ ಬಾಯಿ ತೆರೆದಳು. ಹೊರಗೆ ಬಂದದ್ದು ಲಿಫ್ಟಿನಲ್ಲಿ ಬರುತ್ತದಲ್ಲ, ಆ ದನಿ: "ನಾವು ಮನಸ್ಸಲ್ಲಿ ಇಟ್ಕೊಂಡಿಲ್ಲ. ಮಕ್ಕಳು ಅಲ್ವಾ. ಮಿಸ್ಸಿಗೆ ನಾನೇ ಹೇಳ್ತೀನಿ, ನಾಳಿದ್ದಿಂದ ಕಳಿಸಿ."

ಬೇಕರಿಯವನು ಹಿಟ್ಟಿನ ಕೈಯನ್ನು ಎದೆಗೊತ್ತಿಕೊಂಡ. "ಎಂಥಾ ದೊಡ್ಡ ಮನಸ್ಸು ಮೇಡಂ ನಿಮ್ದು! ನಾನಾಗಿದ್ರೆ ಕ್ಷಮಿಸ್ತಿರ್ಲಿಲ್ಲ." ಕೌಂಟರಿನಲ್ಲಿದ್ದವರೂ ತಿರುಗಿ ನೋಡಿದರು. ಬೇಡ ಬೇಡವೆಂದರೂ ಬನ್ನು ಕಟ್ಟಿಕೊಟ್ಟ. ಅವನ್ನು ಹಿಡಿದುಕೊಂಡು ರಸ್ತೆಗಿಳಿದಾಗ ಅವಳಿಗೆ ತನ್ನ ಮೇಲೆಯೇ ಥೂ ಎನಿಸಿತು. ಬನ್ನನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ, ಹಾಗೇ ಬೂಸಲು ಹಿಡಿಯಿತು.

ಮಧ್ಯಾಹ್ನದ ಕೆಲಸ ನಿಲ್ಲಿಸಿ, ಗಂಡ ಮಗಳನ್ನು ನೋಡಿಕೊಳ್ಳಬಲ್ಲ ರಜಾದಿನಗಳಿಗೆ ಮಾತ್ರ ಇಟ್ಟುಕೊಂಡಳು. ಅರ್ಧಕ್ಕರ್ಧ ಕೆಲಸ ಕೈಬಿಟ್ಟಿತು, ಬಿಡಲಿ. "ಅಳ್ಬೇಕು ಅನ್ಸಿದ್ರೆ ಅಳು ಕಂದಾ, ಜೋರಾಗಿ ಅಳು," ಎಂದು ಮಗಳಿಗೆ ದಿನಾ ಹೇಳಿದಳು. ಗುಬ್ಬಿ ಲೋಟ ಬಿದ್ದಾಗ ಬಲ್ಬಿಲ್ಲದ ಹೋಲ್ಡರನ್ನು ನೋಡಿ, ಆಮೇಲೆ ಅಮ್ಮನ ಮುಖ ನೋಡಿ, ತೋಳು ಮೇಲೆ ಸರಿಸುತ್ತಿದ್ದಳು. ಅಮ್ಮ ಓಡಿಹೋಗಿ ಆ ಕೈ ಹಿಡಿದುಕೊಳ್ಳುತ್ತಿದ್ದಳು. ಸುಮ್ಮನೆ ಕೂರಿಸಲು ಎರಡು ವಾರ ಸಾಕಾಗಿತ್ತು, ಮತ್ತೆ ಬಾಯಿಬಿಟ್ಟು ಅಳಿಸುವುದು ಅಷ್ಟು ಸುಲಭವಿರಲಿಲ್ಲ.

ಡುಮ್ಮ ವಾಪಸು ಬರುವ ದಿನ ಗೇಟಿನ ಹತ್ತಿರ ಜಾತ್ರೆಯಂತೆ ಜನ. ಸುದ್ದಿ ಹಬ್ಬಿತ್ತು. "ನೀವು ಬಿಡಿ ಗುಬ್ಬಿಯಮ್ಮ, ನಮ್ಮಿಂದಂತೂ ಆಗ್ತಿರ್ಲಿಲ್ಲ," ಎಂದಳು ಒಬ್ಬಳು. "ನಿಮ್ಮನ್ನ ನೋಡಿ ಕಲೀಬೇಕು," ಎಂದಳು ಇನ್ನೊಬ್ಬಳು. ಗುಬ್ಬಿಯಮ್ಮ ನೆಲ ನೋಡುತ್ತ ನಿಂತಳು. ಅವರು ಅದನ್ನೂ ವಿನಯ ಎಂದುಕೊಂಡರು.

ಬೇಕರಿಯವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಕೈಯಲ್ಲಿ ಕೇಕಿನ ಡಬ್ಬಿ, ಇನ್ನೊಂದು ಕೈಯಲ್ಲಿ ಮಗನ ಬೆರಳು ಹಿಡಿದು ಬಂದ. ಎಲ್ಲರೂ ದಾರಿ ಬಿಟ್ಟರು. ಅವನು ನೇರ ಗುಬ್ಬಿಯಮ್ಮನ ಮುಂದೆ ಬಂದು ನಿಂತು, ಡಬ್ಬಿ ಮುಂದೆ ಚಾಚಿದ. "ನಿಮ್ಮ ಹೆಸರು ಹೇಳಿ ನಾವು ಮೂರು ಹೊತ್ತು ಊಟ ಮಾಡ್ತೀವಿ ಮೇಡಂ," ಎಂದ.

ಆ ಡಬ್ಬಿಗೆ ಅವಳು ಕೈ ಚಾಚಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಮಾನ ಉಳಿಯುತ್ತಿತ್ತು, ಡುಮ್ಮನೂ ಒಳಗೆ ಹೋಗುತ್ತಿದ್ದ. ಕೈ ಮೇಲೇಳಲಿಲ್ಲ.

"ಅವನು ಕಚ್ಚಿಲ್ಲ," ಎಂದಳು. ದನಿ ಎಷ್ಟು ಒರಟಾಗಿ, ಒಡೆದು ಬಂತೆಂದರೆ ಅದು ಅವಳದೇ ಎಂದು ಯಾರೂ ಹೇಳುತ್ತಿರಲಿಲ್ಲ.

"ಆಂ?"

"ನಿಮ್ಮ ಮಗ ಕಚ್ಚಿಲ್ಲ. ಒಂದ್ಸಲಾನೂ ಕಚ್ಚಿಲ್ಲ. ಗುಬ್ಬಿ ತನ್ನ ಕೈನ ತಾನೇ ಕಚ್ಕೊಳ್ತಾಳೆ. ನಾನು ಕೆಲಸ ಮಾಡುವಾಗ ಸದ್ದು ಮಾಡ್ಬಾರ್ದು ಅಂತ ಕಲಿಸಿದ್ದೆ, ಅದಕ್ಕೆ. ನಂಗೆ ಗೊತ್ತಾಗಿತ್ತು. ಗೊತ್ತಾದ ಮೇಲೇನೇ ನಿಮ್ಮ ಬೇಕರಿಗೆ ಬಂದಿದ್ದು. ಹೇಳೋಕೆ ಬಂದೆ. ನಾಚ್ಕೆಯಾಯ್ತು. ಕ್ಷಮಿಸಿದೀನಿ ಅಂತ ಹೇಳ್ಬಿಟ್ಟೆ."

ಹೊಗಳಿದವರಲ್ಲಿ ಒಬ್ಬಳು ತನ್ನ ಮಗುವಿನ ಕೈ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಮಿಸ್ಸು ಗುಬ್ಬಿಯನ್ನು ಎತ್ತಿಕೊಂಡು ಅವಳ ತೋಳನ್ನು ಮೆಲ್ಲಗೆ ಸವರಿದರು. ಗುಬ್ಬಿಯಮ್ಮ ಬೈಗುಳಕ್ಕೆ ಕಾದು ನಿಂತಳು. ಬೈದುಬಿಡಲಿ, ಉಗಿದುಬಿಡಲಿ, ಅದಾದರೂ ಆಗಲಿ ಎನಿಸಿತು ಅವಳಿಗೆ.

ಬೇಕರಿಯವನು ಬೈಯಲಿಲ್ಲ. ಡಬ್ಬಿಯನ್ನು ಕೆಳಗಿಟ್ಟ. ಲೆಕ್ಕ ತಪ್ಪಿದವನಂತೆ ತುಂಬ ಹೊತ್ತು ಮಗನ ನೆತ್ತಿ ನೋಡಿದ.

"ಕಚ್ಚಿಲ್ವಾ?" ಎಂದ.

"ಇಲ್ಲ."

"ದಿನಾ ಕೇಳ್ತಿದ್ದೆ ನಾನು. ದಿನಾ 'ಅಲ್ಲ ಅಲ್ಲ' ಅಂತಿದ್ದ. ಸುಳ್ಳು ಹೇಳ್ತಾನೆ ಅಂತ ಬಾಯಿ ಮೇಲೆ ಎರಡು ಬಿಟ್ಟೆ." ಅವನ ದನಿ ಸಣ್ಣದಾಗುತ್ತ ಹೋಯಿತು. "ನೀವು ಬಂದು ಹೋದ ಸಂಜೆ ಹೇಳ್ದೆ, ನೋಡೋ, ಆಂಟಿ ಕ್ಷಮಿಸಿದ್ದಾರೆ, ಇನ್ನಾದ್ರೂ ನಿಜ ಹೇಳೋ, ಹೊಡೆಯಲ್ಲ ಅಂತ. 'ನಾ ಕಚ್ದೆ' ಅಂದ. ಅವನು ಎರಡು ಮಾತು ಸೇರಿಸಿ ಹೇಳಿದ್ದು ಅದೇ ಮೊದ್ಲು ಮೇಡಂ. ಎಷ್ಟು ದಿನದಿಂದ ಕಾಯ್ತಿದ್ವಿ ನಾವು. ಅವರಮ್ಮ ಎತ್ಕೊಂಡು ಮುದ್ದಾಡಿದ್ಲು. ನಾನು ಬೇಕರೀಲಿ ಎಲ್ಲರಿಗೂ ಕರೆದು ಕರೆದು ಹೇಳಿದೆ, ನನ್ನ ಮಗನಿಗೆ ಮಾತು ಬಂತು ಅಂತ."

ಅಪ್ಪನ ಬಾಯಲ್ಲಿ ಆ ಎರಡು ಪದ ಕೇಳಿದ್ದೇ ಡುಮ್ಮನ ಮುಖ ಅರಳಿತು. ಅಪ್ಪನ ಬೆರಳು ಬಿಟ್ಟು, ಗುಬ್ಬಿಯಮ್ಮನ ಹತ್ತಿರ ಬಂದು, ಅವಳ ಸೆರಗು ಹಿಡಿದು ಜಗ್ಗಿದ. "ನಾ ಕಚ್ದೆ," ಎಂದ ಹೆಮ್ಮೆಯಿಂದ. ಹೇಳಿ, ಎತ್ತಿಕೊಳ್ಳಲಿ ಎಂದು ಎರಡೂ ಕೈ ಮೇಲೆ ಚಾಚಿ ನಿಂತ.